ಓದಿದ್ದನ್ನೇ ಮತ್ತೆ ಓದುವುದು

ರೇಡಿಯಾಲಜಿ ಟೆಕ್ನಾಲಜಿ ಮುಗಿಸಿದ ತಂಗಿ ಲೈಸೆನ್ಸ್ ಪರೀಕ್ಷೆಗೆ ರಿವ್ಯೂ ಕೋರ್ಸ್ ಸೇರಿದ್ದಾಳೆ. ವರ್ಷಗಟ್ಟಲೆ ಓದಿದ್ದನ್ನೇ ಮತ್ತೆ ಓದಲು ದುಡ್ಡು ಯಾಕೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಆದರೆ ಅವಳ ಪ್ರಶ್ನೆಗಳನ್ನು ನೋಡಿ. ಎಕ್ಸ್-ರೇ ಟ್ಯೂಬಿನಿಂದ ದೂರ ಎರಡು ಪಟ್ಟಾದರೆ ಎಕ್ಸ್-ರೇ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಎಲ್ಲರಿಗೂ ಬಾಯಿಪಾಠ. ಪರೀಕ್ಷೆಯಲ್ಲಿ ಹೀಗೂ ತಿರುಗಿಸಿ ಕೇಳಬಹುದು: ಟ್ಯೂಬನ್ನು 100 ಸೆಂಟಿಮೀಟರ್‌ನಿಂದ 200ಕ್ಕೆ ಸರಿಸಿದರೆ, ಮೊದಲಿನಷ್ಟೇ ಎಕ್ಸ್‌ಪೋಶರ್ ಸಿಗಲು ಎಂಎಎಸ್ (ಟ್ಯೂಬಿನ ಕರೆಂಟ್ ಗುಣಿಸು ಸಮಯ) ಎಷ್ಟು? ನಾಲ್ಕು ಪಟ್ಟು. ಅವಸರದಲ್ಲಿ ಗುಣಿಸುವ ಕಡೆ ಭಾಗಿಸಿದರೆ ಮುಗಿಯಿತು. ಆ ತಪ್ಪು ಉತ್ತರವೂ ಆಯ್ಕೆಗಳಲ್ಲಿ ಸಾಲಾಗಿ ಕೂತಿರುತ್ತದೆ! ಕೆವಿಪಿ (ಟ್ಯೂಬಿನ ಗರಿಷ್ಠ ವೋಲ್ಟೇಜ್) 15% ಏರಿಸುವುದೂ ಎಂಎಎಸ್ ದುಪ್ಪಟ್ಟು ಮಾಡುವುದೂ ಎಕ್ಸ್‌ಪೋಶರ್ ಮಟ್ಟಿಗೆ ಹೆಚ್ಚುಕಡಿಮೆ ಒಂದೇ ಅನ್ನುವ ಲೆಕ್ಕವೂ ಹಾಗೇ.

ಗಡಿಯಾರ ಇಟ್ಟು ಅಣಕು ಪರೀಕ್ಷೆ ಬರೆಸಿ, ತಪ್ಪಾದದ್ದು ಯಾಕೆ ತಪ್ಪು ಅಂತ ಬಿಡಿಸಿ ಹೇಳುವ ಕೋರ್ಸ್ ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಳೇ ಪ್ರಶ್ನೆಗಳನ್ನು ಸುಮ್ನೆ ಉರು ಹೊಡೆಸುವುದಾದರೆ ಬೇಡವೇ ಬೇಡ. ಅದನ್ನು ಮನೆಯಲ್ಲೇ ಮಾಡಬಹುದು.

ಪೊಸಿಷನಿಂಗ್‌ನಲ್ಲಿ (ರೋಗಿಯನ್ನು ಎಕ್ಸ್-ರೇಗೆ ಸರಿಯಾಗಿ ನಿಲ್ಲಿಸುವುದು, ಮಲಗಿಸುವುದು) ತಂಗಿ ಗಟ್ಟಿ, ಇಂಟರ್ನ್‌ಶಿಪ್‌ನಲ್ಲಿ ಕೈ ಪಳಗಿದೆ. ಅಣಕು ಪರೀಕ್ಷೆಯಲ್ಲಿ ಅಂಕ ಸೋರಿದ್ದು ಫಿಸಿಕ್ಸ್ ಮತ್ತು ವಿಕಿರಣ ಸುರಕ್ಷತೆಯಲ್ಲಿ. ಹಾಗಾಗಿ ಈ ವಾರವೆಲ್ಲ ಬರೀ ಅವೆರಡೇ.