ಕನಕಾ ಮೂರ್ತಿ ಕಡೆದ ಮುಖಗಳು
ಲಾಲ್‌ಬಾಗಿನ ಪಶ್ಚಿಮ ದ್ವಾರದ ಕುವೆಂಪು ಶಿಲ್ಪವನ್ನು ವಾಯುವಿಹಾರಕ್ಕೆ ಬರುವವರೆಲ್ಲ ನೋಡಿರುತ್ತಾರೆ. ಅದನ್ನು ಮಾಡಿದವರು ಯಾರೆಂದು ಬಲ್ಲವರು ವಿರಳ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದಲ್ಲಿರುವ ರೈಟ್ ಸಹೋದರರ ಶಿಲ್ಪವೂ ಅದೇ ಕೈಯದು. ಆ ಕೈ ಕನಕಾ ಮೂರ್ತಿಯವರದು.

1942ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದ ಅವರು ಬೆಂಗಳೂರಿನ ಕಲಾಮಂದಿರದಲ್ಲಿ ಕಲಾಭ್ಯಾಸ ಮಾಡಿ, ಶಿಲ್ಪಿ ದೇವಲಕುಂದ ವಾದಿರಾಜರ ಶಿಷ್ಯೆಯಾಗಿ ಉಳಿ ಹಿಡಿದರು. ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದ ಕಸುಬಿಗೆ ಹೊರಗಿನಿಂದ, ಅದರಲ್ಲೂ ಹೆಣ್ಣುಮಗಳೊಬ್ಬಳು ಬಂದು ನಿಲ್ಲುವುದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ.

ಹೊಯ್ಸಳ, ಚೋಳ ಶೈಲಿಯ ದೇವತಾಮೂರ್ತಿಗಳನ್ನು ಕಡೆದವರು ಅವರು. ಆದರೆ ನನ್ನನ್ನು ಹೆಚ್ಚು ಸೆಳೆಯುವುದು ಅವರ ವ್ಯಕ್ತಿಶಿಲ್ಪಗಳು. ದೇವರ ವಿಗ್ರಹಕ್ಕೆ ರೂಪವನ್ನು ಬಣ್ಣಿಸುವ ಧ್ಯಾನಶ್ಲೋಕವಿದೆ, ಮುಖದಿಂದ ಪಾದದವರೆಗೆ ಅಳತೆ ಹೇಳುವ ತಾಳಮಾನವಿದೆ. ಪಿಟೀಲು ಚೌಡಯ್ಯನವರ ಮುಖಕ್ಕೆ ಯಾವ ಶ್ಲೋಕವಿದೆ? ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿಯವರನ್ನು ರೂಪಿಸುವಾಗಲೂ ಶಿಲ್ಪಿಗೆ ಆಧಾರವಾಗುವುದು ಕಣ್ಣೊಂದೇ. ಜೇಡಿಮಣ್ಣಿನಲ್ಲಾದರೆ ತಪ್ಪನ್ನು ಮೆತ್ತಿ ತಿದ್ದಬಹುದು. ಕಲ್ಲಿನಲ್ಲಿ ತೆಗೆದದ್ದು ತೆಗೆದಂತೆಯೇ. ಆದ್ದರಿಂದ ಮೂಗನ್ನು ಮೊದಲು ದಪ್ಪವಾಗಿಯೇ ಬಿಟ್ಟುಕೊಂಡು, ಕಣ್ಣಿನ ರೆಪ್ಪೆಯನ್ನು ಕೊನೆಯವರೆಗೂ ಮುಟ್ಟದೆ, ಸುತ್ತಲಿನ ಕಲ್ಲನ್ನು ಚೂರುಚೂರಾಗಿ ಇಳಿಸುತ್ತ ಬರಬೇಕಾಗುತ್ತದೆ. ಹಾಡುಗಾರರ ಮುಖವಾದರೆ ಇನ್ನೂ ಕಷ್ಟ, ಏಕೆಂದರೆ ನಾವು ಅವರನ್ನು ನೆನೆಯುವುದು ಹಾಡುತ್ತಿರುವಾಗಿನ ಮುಖದಿಂದ. ಆ ಮುಖವೋ ಒಂದು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ.

ಶಿಲ್ಪಿಗಳಿಗೆ ರಾಜ್ಯ ಸರ್ಕಾರ ಕೊಡುವ ಜಕಣಾಚಾರಿ ಪ್ರಶಸ್ತಿ ಪಡೆದ ಮೊದಲ ಮಹಿಳೆಯೂ ಅವರೇ. 2021ರ ಮೇ ತಿಂಗಳಲ್ಲಿ ಕೋವಿಡ್ ಅವರನ್ನು ಕರೆದೊಯ್ದಿತು.

ಈ ನಗರದ ಮಹಿಳಾ ಶಿಲ್ಪಿಗಳ ಪರಂಪರೆ ಒಂದೇ ಹಾದಿಯದಲ್ಲ. ಬೆಂಗಳೂರಿನವರೇ ಆದ ಎನ್. ಪುಷ್ಪಮಾಲಾ ಶಿಲ್ಪಿಯಾಗಿ ಆರಂಭಿಸಿ, ಮುಂದೆ ಛಾಯಾಚಿತ್ರದತ್ತ ಹೊರಳಿದರು. ಅಂಥ ಕಲೆಯನ್ನು ಜನ ನೋಡುವುದು ಗ್ಯಾಲರಿಯಲ್ಲಿ, ಅಲ್ಲಿನ ಗೋಡೆಯಲ್ಲಿ ಕೃತಿಯ ಪಕ್ಕದಲ್ಲೇ ಕಲಾವಿದೆಯ ಹೆಸರಿರುತ್ತದೆ. ಬೀದಿಯ ಕಲೆಗೆ ಆ ಭಾಗ್ಯ ಕಡಿಮೆ. ನಮ್ಮ ಪ್ರತಿಮೆಗಳ ಪೀಠಗಳಲ್ಲಿ ಅನಾವರಣ ಮಾಡಿದವರ, ಅಧ್ಯಕ್ಷತೆ ವಹಿಸಿದವರ, ಘನ ಉಪಸ್ಥಿತಿಯಲ್ಲಿದ್ದವರ ಹೆಸರುಗಳು ಸಾಲುಗಟ್ಟಿ ನಿಂತಿರುತ್ತವೆ, ಶಿಲ್ಪಿಯ ಹೆಸರಿಗೆ ಎಷ್ಟೋ ಕಡೆ ಜಾಗವೇ ಇರುವುದಿಲ್ಲ. ಹೆಸರಿಲ್ಲದ ಶಿಲ್ಪಿಯನ್ನು ಜನ ಗಂಡಸೆಂದೇ ಎಣಿಸಿಬಿಡುವುದರಿಂದ ಈ ಮರೆವಿನ ಹೊರೆ ಹೆಂಗಸರ ಮೇಲೆಯೇ ಹೆಚ್ಚು ಬೀಳುತ್ತದೆ. ಪ್ರತಿಮೆಗೆ ಲಕ್ಷಗಟ್ಟಲೆ ವೆಚ್ಚ ಮಾಡುವವರು ಇನ್ನೊಂದು ಸಾಲು ಕೆತ್ತಿಸುವ ಕರಾರನ್ನು ಟೆಂಡರಿನಲ್ಲೇ ಸೇರಿಸಲಿ. ಹಳೆಯ ಪೀಠಗಳಿಗೂ ಒಂದೊಂದು ಫಲಕ ಹಾಕಿಸಲಿ.