ಪುನರ್ವಸು ಮಳೆಗೆ ಉಬ್ಬಿದ ಚಾಕು

ಹೋದ ವರ್ಷ ಜೂನ್ ಮೊದಲ ವಾರ. ತಮ್ಮನ ಮಗಳು ರಜೆಗೆ ಮನೆಗೆ ಬಂದಿದ್ದಳು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಓದುತ್ತಿದ್ದಾಳೆ. ಸೂಟ್‌ಕೇಸಿನ ತಳದಿಂದ ಒಂದು ಪುಟ್ಟ ಪೊಟ್ಟಣ ತೆಗೆದು, "ಅತ್ತೆ, ನಿಂಗೆ ಸೀರೆ ತಂದ್ರೆ ಪೆಟ್ಟಿಗೆ ಸೇರತ್ತೆ. ಇದಾದ್ರೆ ತೋಟಕ್ಕೆ ಬರತ್ತೆ" ಎಂದಳು. ಒಳಗಿದ್ದದ್ದು ಒಪಿನೆಲ್ ಚಾಕು. 8ನೇ ನಂಬರಿನದು. ಎಂಟೂವರೆ ಸೆಂಟಿಮೀಟರ್ ಅಲಗು, ಬೀಚ್ ಮರದ ಹಿಡಿ, ಕುತ್ತಿಗೆಯಲ್ಲಿ ಒಂದು ಉಕ್ಕಿನ ಬಳೆ. ಕೈಯಲ್ಲಿಟ್ಟರೆ ಭಾರವೇ ಗೊತ್ತಾಗುವುದಿಲ್ಲ.

ನನಗೆ ಆ ಚಾಕು ನೋಡಿದ ಕೂಡಲೇ ಹಿಡಿಸಿತು. ಅದರ ಕಥೆ ಕೇಳಿ ಇನ್ನೂ ಹಿಡಿಸಿತು. ಫ್ರಾನ್ಸಿನ ಸವ್ವಾ ಅನ್ನುವ ಬೆಟ್ಟದ ಸೀಮೆಯಲ್ಲಿ ಒಪಿನೆಲ್ ಮನೆತನದವರು ಕೊಡಲಿ, ಕತ್ತಿ ಮಾಡಿಕೊಂಡಿದ್ದ ಕಮ್ಮಾರರಂತೆ. 1890ರಲ್ಲಿ ಆ ಮನೆಯ ಹದಿನೆಂಟರ ಹುಡುಗ ಜೋಸೆಫ್ ಈ ಮಡಿಚುವ ಚಾಕು ಮಾಡಿದ. ರೈತರು ಜೇಬಿನಲ್ಲಿ ಇಟ್ಟುಕೊಳ್ಳುವ ಚಾಕು. ಅಲಗಿನ ಮೇಲೆ ಕಿರೀಟದ ಕೆಳಗೆ ಒಂದು ಕೈ ಇದೆ. ಅದು 1909ರಿಂದ ಇರುವ ಅವರ ಗುರುತು.

ಆವತ್ತು ಚಾಕು ಸುಲಭವಾಗಿಯೇ ಬಿಚ್ಚುತ್ತಿತ್ತು. ಸ್ವಲ್ಪ ಬಿಗಿ, ಹೊಸದಲ್ವಾ, ಸರಿಹೋಗತ್ತೆ ಅಂದುಕೊಂಡೆ. ಆರಿದ್ರಾ ಮಳೆ ಹಿಡಿಯಿತು. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಳೆ ಹಿಡಿದರೆ ದೇವರ ಮನೆಯ ಬಾಗಿಲು ಹಾಕಲಿಕ್ಕೆ ಆಗುವುದಿಲ್ಲ, ಬೆಂಕಿಪೆಟ್ಟಿಗೆ ಹೊತ್ತುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಪುನರ್ವಸು ಬರುವಷ್ಟರಲ್ಲಿ ಚಾಕು ಬಿಚ್ಚುವುದೇ ನಿಂತುಹೋಯಿತು.

ನನಗೆ ಅದು ಬೇಕಾಗಿದ್ದು ಸರಿಯಾಗಿ ಆಗಲೇ. ಪ್ರತಿ ಮಳೆಗಾಲ ನಾನು ಹಿಪ್ಪಲಿಗೆ ಕಾಳುಮೆಣಸಿನ ಕಸಿ ಕಟ್ಟುತ್ತೇನೆ. ತೋಟದ ತಗ್ಗಿನಲ್ಲಿ ನೀರು ನಿಲ್ಲುವ ಜಾಗದಲ್ಲಿ ಮಾಮೂಲಿ ಬಳ್ಳಿ ಸೊರಗು ರೋಗಕ್ಕೆ ಹೋಗುತ್ತದೆ. ಬ್ರೆಜಿಲ್ ಹಿಪ್ಪಲಿಯ ಬೇರಿಗೆ ಆ ರೋಗ ತಾಗುವುದಿಲ್ಲ, ನೀರೂ ತಡೆಯುತ್ತದೆ. ಹಿಪ್ಪಲಿ ಕಾಂಡದ ತಲೆ ಕತ್ತರಿಸಿ, ನಡುವೆ ಸೀಳಿ, ಮೆಣಸಿನ ಕುಡಿಯನ್ನು ಬೆಣೆಯ ಹಾಗೆ ಕೊರೆದು ಅದರಲ್ಲಿ ಕೂರಿಸಿ ಪಟ್ಟಿ ಸುತ್ತಬೇಕು. ಕೊರೆದ ಮುಖ ಒಂದೇ ಎಳೆತಕ್ಕೆ ನುಣ್ಣಗೆ ಬರಬೇಕು. ಆ ಕೆಲಸಕ್ಕೆ ಇಂಥ ತೆಳು ಅಲಗು ಎಷ್ಟು ಚೆನ್ನ! ಆದರೆ ಒದ್ದೆ ಕೈಯಲ್ಲಿ ಚಾಕು ಬಿಚ್ಚಲು ಹೋಗಿ ಹೆಬ್ಬೆರಳಿನ ಉಗುರು ಬುಡದವರೆಗೆ ಸೀಳಿತು.

ಮೊದಲು ಬಳೆ ನೋಡಿದೆ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಈ ಬಳೆ ಸೇರಿಸಿದ್ದು. ಬಳೆಗೆ ಒಂದು ಕಡೆ ಬಾಯಿ ಇದೆ. ಆ ಬಾಯಿ, ಅಲಗು ಮಡಿಚಿ ಕೂರುವ ಹಿಡಿಯ ಸೀಳಿನ ನೇರಕ್ಕೆ ಬಂದರೆ ಅಲಗು ಆಡುತ್ತದೆ. ಬಳೆಯನ್ನು ತಿರುಗಿಸಿದರೆ ದಾರಿ ಮುಚ್ಚಿ ಅಲಗು ನಿಲ್ಲುತ್ತದೆ. 2000ದಿಂದ ಈಚಿನ ಚಾಕುಗಳಲ್ಲಿ ಮಡಿಚಿಟ್ಟಾಗಲೂ ಬಳೆ ಬಿಗಿಯಬಹುದು. ಹಾಗಾಗಿ ಬಿಚ್ಚದ ಚಾಕು ಅಂದರೆ ಮೊದಲು ಬಳೆ ಬಿಗಿದಿದೆಯೋ ಅಂತ ನೋಡಬೇಕು. ನನ್ನದು ಸರಿಯಾಗೇ ಇತ್ತು.

ಆಮೇಲೆ ನಾನು ಮಾಡಿದ ತಪ್ಪು, ಕೊಬ್ಬರಿ ಎಣ್ಣೆ. ಅಲಗಿನ ಬುಡದ ಮೊಳೆಗೆ ನಾಲ್ಕು ಹನಿ ಬಿಟ್ಟೆ. ಏನೂ ಉಪಯೋಗ ಆಗಲಿಲ್ಲ. ಹಿಡಿತ ಇದ್ದದ್ದು ಮೊಳೆಯಲ್ಲಿ ಅಲ್ಲ. ಹಸಿ ಕುಡಿದ ಮರ ಎರಡೂ ಕಡೆಯಿಂದ ಅಲಗನ್ನು ಒತ್ತಿ ಹಿಡಿದಿತ್ತು.

ರಾತ್ರಿ ಹುಡುಗಿಗೆ ಫೋನ್ ಮಾಡಿದೆ. ಅಷ್ಟು ಹೊತ್ತಿಗೆ ಅವಳು ವಾಪಸು ಹೋಗಿದ್ದಳು. "ಅತ್ತೆ, ಉಗುರು ಹಾಕ್ಬೇಡ. ಹಿಡಿಯ ಹಿಂಬದಿ ತುದಿಯನ್ನ ಮೇಜಿಗೆ ಕುಟ್ಟು" ಎಂದಳು. ಸವ್ವಾದವರ ಉಪಾಯವಂತೆ ಅದು, ಅದಕ್ಕೆ ಅವರ ಊರಿನ ಹೆಸರೇ ಇದೆ. ಬಳೆ ಸಡಿಲಿಸಿ, ಹಿಡಿಯ ತುದಿಯನ್ನು ಮೆಟ್ಟಿಲ ಮರಕ್ಕೆ ಟಕ್ ಟಕ್ ಎಂದು ಕುಟ್ಟಿದೆ. ಎರಡನೇ ಪೆಟ್ಟಿಗೆ ಅಲಗು ಒಂದು ಬೆರಳಿನಷ್ಟು ಹೊರಗೆ ತಲೆ ಹಾಕಿತು! ಹಿಡಿ ತಟ್ಟನೆ ನಿಲ್ಲುತ್ತದೆ, ಅಲಗು ಮಾತ್ರ ಬಂದ ವೇಗದಲ್ಲೇ ಮುಂದಕ್ಕೆ ಹೋಗುತ್ತದೆ. ಅಷ್ಟೇ ಸಂಗತಿ. ಅವತ್ತು ನನಗೆ ಬಹಳ ಖುಷಿಯಾಯಿತು. ಆದರೆ ತೋಟದ ಕೆಸರಿನಲ್ಲಿ ಕುಟ್ಟಲಿಕ್ಕೆ ಮೇಜು ಎಲ್ಲಿ ತರುವುದು?

ಉಪ್ಪುಕಾಗದ ಹಿಡಿದು ಸೀಳನ್ನು ತಿಕ್ಕಿಬಿಡೋಣ ಅಂತ ಕೂತೆ. ಅದೇ ದಿನ ದೇವರ ಮನೆಯ ಬಾಗಿಲು ನೋಡಲಿಕ್ಕೆ ನಮ್ಮ ಆಚಾರ್ರು ಬಂದಿದ್ದರು. ಚಾಕು ತೋರಿಸಿದೆ. ತಿರುಗಿಸಿ, ಮೂಗಿನ ಹತ್ತಿರ ಹಿಡಿದು ಮರದ ವಾಸನೆ ನೋಡಿದರು. "ಈಗ ತಿಕ್ಕಬೇಡಿ ಅಮ್ಮ. ಮಳೆಗಾಲದಲ್ಲಿ ಬಾಗಿಲು ಹೆರೆದ್ರೆ ಬೇಸಿಗೇಲಿ ಹಲ್ಲಿ ನುಗ್ಗತ್ತೆ. ಮೊದ್ಲು ಒಣಗಿಸಿ. ಒಣಗಿದ ಮೇಲೂ ಹಿಡಿದ್ರೆ ಅಷ್ಟೇ ತೆಗೀರಿ" ಎಂದರು. ಬಾಗಿಲನ್ನೂ ಅವರು ಹೆರೆಯಲಿಲ್ಲ. ಮೇಣದಬತ್ತಿ ತಿಕ್ಕಿ ಹೋದರು.

ಆ ಮಾತು ಕೇಳದೇ ಇದ್ದಿದ್ದರೆ ಚಾಕು ಹಾಳಾಗುತ್ತಿತ್ತು. ಜುಲೈಯಲ್ಲಿ ಹಗುರಾಗಿ ಬಿಚ್ಚುವಷ್ಟು ತಿಕ್ಕಿದರೆ ಮಾರ್ಚಿನಲ್ಲಿ ಅಲಗು ಲೊಡಲೊಡ ಅನ್ನುತ್ತದೆ. ತೆಗೆದ ಮರವನ್ನು ವಾಪಸು ಅಂಟಿಸಲಿಕ್ಕೆ ಆಗುವುದಿಲ್ಲ.

ಒಣಗಿಸುವುದಕ್ಕೂ ಆತುರ ಮಾಡಲಿಲ್ಲ. ಜೋರು ಬಿಸಿಗೆ ಇಟ್ಟರೆ ಮರ ಸೀಳುತ್ತದೆ. ಬಚ್ಚಲ ಒಲೆಯ ಮೇಲೆ, ತೆಂಗಿನ ಸಿಪ್ಪೆ ಒಣಗಿಸುವ ಅಟ್ಟದ ಮೂಲೆಯಲ್ಲಿ, ಅಲಗು ಅರ್ಧ ಬಿಚ್ಚಿ ಇಟ್ಟೆ. ಗಾಳಿ ಸೀಳಿನೊಳಗೆ ಹೋಗಲಿ ಅಂತ. ಮೂರು ದಿನ ಬಿಟ್ಟು ತೆಗೆದೆ. ಮುಕ್ಕಾಲು ಪಾಲು ಬಿಗಿ ಹೋಗಿತ್ತು. ಉಳಿದ ಕಾಲು ಪಾಲು ಮಾತ್ರ ನನ್ನ ಕೆಲಸ.

ಎಲ್ಲಿ ಹಿಡಿಯುತ್ತಿದೆ ಅಂತ ತಿಳಿಯದೆ ತಿಕ್ಕಬಾರದು. ಇದೂ ಆಚಾರ್ರು ಹೇಳಿಕೊಟ್ಟದ್ದೇ. ಅಲಗಿನ ಎರಡೂ ಮೈಗೆ ದೀಪದ ಮಸಿ ಹಿಡಿಸಿ, ನಾಲ್ಕು ಸಲ ಮಡಿಚಿ ಬಿಚ್ಚಿದೆ. ಟಾರ್ಚ್ ಹಾಕಿ ಸೀಳಿನೊಳಗೆ ನೋಡಿದರೆ ಬಲಗೋಡೆಯಲ್ಲಿ, ಬಳೆಯಿಂದ ಎರಡು ಬೆರಳು ಹಿಂದೆ, ಒಂದು ಕಪ್ಪು ಪಟ್ಟೆ. ಎಡಗೋಡೆ ಸ್ವಚ್ಛ! ನಾನು ಸುಮ್ನೆ ಎರಡೂ ಕಡೆ ತಿಕ್ಕುತ್ತಿದ್ದೆ ಅಲ್ವಾ.

ಅಲಗನ್ನು ಪೂರ್ತಿ ಬಿಚ್ಚಿ, ಬಳೆ ಬಿಗಿದು, ಅಲಗಿಗೆ ದಪ್ಪ ಬಟ್ಟೆ ಸುತ್ತಿದೆ. ಇದನ್ನು ಮರೆಯಬೇಡಿ. ಬಳೆ ಬಿಗಿಯದೆ ಸೀಳಿಗೆ ಬೆರಳು ಹಾಕಬಾರದು. ತೆಳು ಬಿದಿರು ಕಡ್ಡಿಗೆ ನುಣುಪಿನ ಉಪ್ಪುಕಾಗದ ಮಡಿಚಿ, ಆ ಪಟ್ಟೆಯ ಮೇಲೆ ಮಾತ್ರ ಹತ್ತು ಸಲ ಎಳೆದೆ. ಪುಡಿ ಊದಿ ತೆಗೆದು, ಮತ್ತೆ ಮಸಿ, ಮತ್ತೆ ಮಡಿಚಿ ನೋಡುವುದು. ಹೀಗೆ ಐದು ಸುತ್ತು. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಅಲಗು ಉಗುರಿಗೆ ಬಂತು, ಆದರೆ ತಾನಾಗಿ ಬೀಳಲಿಲ್ಲ. ಅಲ್ಲಿಗೆ ಕೈ ತೆಗೆದೆ. ಇನ್ನೂ ಸ್ವಲ್ಪ ಅನ್ನಿಸುತ್ತಿತ್ತು. ತಡೆದುಕೊಂಡೆ.

ಆಮೇಲೆ ಬಳೆ. ಅದೂ ಗರಗರ ಅನ್ನುತ್ತಿತ್ತು. ಎಣ್ಣೆಗೆ ಮರದ ಪುಡಿ ಸೇರಿ ಒಳಗೆ ಅಂಟು ಕೂತಿತ್ತು. ನಾನು ಬಿಟ್ಟ ಕೊಬ್ಬರಿ ಎಣ್ಣೆಯೇ. ಪಂಪ್‌ಸೆಟ್ ರಿಪೇರಿಯವರ ಹತ್ತಿರ ಸರ್ಕ್ಲಿಪ್, ಅಂದರೆ ಬಾಯಿ ಬಿಟ್ಟ ಉಕ್ಕಿನ ಉಂಗುರ, ಬಿಚ್ಚುವ ಇಕ್ಕಳ ತಂದೆ. ಅಲಗು ಮಡಿಚಿ, ಬಳೆಯ ಬಾಯಿಗೆ ಇಕ್ಕಳದ ಎರಡು ಮೂತಿ ಕೊಟ್ಟು, ಕೂದಲೆಳೆಯಷ್ಟು ಅಗಲಿಸಿ ಮುಂದಕ್ಕೆ ಜಾರಿಸಿದರೆ ಬಳೆ ಬರುತ್ತದೆ. ಮೇಲೆ ಬಟ್ಟೆ ಹಿಡಿಯಿರಿ, ಇಲ್ಲದಿದ್ದರೆ ಚಿಮ್ಮಿ ಹೋಗುತ್ತದೆ. ಜಾಸ್ತಿ ಅಗಲಿಸಿದರೆ ಬಳೆ ಮತ್ತೆ ಕಚ್ಚುವುದಿಲ್ಲ. ಒಳಗಿನ ಪಟ್ಟಿಯನ್ನೂ ಮೊಳೆಯನ್ನೂ ಮುಟ್ಟಲಿಲ್ಲ. ಮೊಳೆಗೆ ತಿರುಪು ಇಲ್ಲ, ಎರಡೂ ಕಡೆ ಬಡಿದು ಕೂರಿಸಿದ್ದು. ಹೊರಗಿನ ಬಳೆ ಒರೆಸಿ, ಅದು ಕೂರುವ ಜಾಗವನ್ನು ಹಲ್ಲುಜ್ಜುವ ಹಳೇ ಬ್ರಷ್‌ನಿಂದ ತಿಕ್ಕಿ, ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಹನಿ ಸವರಿ ವಾಪಸು ಹಾಕಿದೆ.

ಹಾಕಿದ ಮೇಲೆ ಬಳೆ ತುಸು ಸಡಿಲ ಅನ್ನಿಸಿತು. ಬಿಗಿ ಅಲಗು ಬರೀ ತಾಪತ್ರಯ, ಆದರೆ ಸಡಿಲ ಬಳೆ ಅಪಾಯ. ಮತ್ತೆ ತೆಗೆದು, ಇಕ್ಕಳದಲ್ಲಿ ಬಟ್ಟೆ ಇಟ್ಟು, ಎರಡು ಬದಿಯಿಂದ ಮೆಲ್ಲಗೆ ಅದುಮಿದೆ. ಈಗ ತಿರುಗಿಸಿದಷ್ಟೂ ಬಿಗಿಯಾಗಿ ಹೋಗಿ ನಿಲ್ಲುತ್ತದೆ. ಅಲಗಿನ ಬೆನ್ನನ್ನು ಮರದ ದಿಮ್ಮಿಗೆ ಒತ್ತಿ ನೋಡಿದೆ, ಬೆರಳು ಸೀಳಿನಿಂದ ದೂರ ಇಟ್ಟುಕೊಂಡು. ಅಲುಗಲಿಲ್ಲ.

ಕೊನೆಗೆ ಮೇಣ. ಹಿತ್ತಲಲ್ಲಿ ತುಡುವೆ ಜೇನಿನ ಎರಡು ಪೆಟ್ಟಿಗೆ ಇವೆ, ಮೇಣಕ್ಕೆ ಕೊರತೆ ಇಲ್ಲ. ಹಿಡಿಯನ್ನು ಬೆಚ್ಚಗೆ ಮಾಡಿ, ಕರಗಿದ ಮೇಣವನ್ನು ಕೋಳಿ ಪುಕ್ಕದಿಂದ ಸೀಳಿನ ಗೋಡೆಗೆ ಹಚ್ಚಿದೆ. ಹಿಡಿಯ ಹೊರಮೈಗೆ ಮೊದಲೇ ವಾರ್ನಿಷ್ ಇದೆ. ಒಳಗಿನ ಸೀಳು ಮಾತ್ರ ಬರೀ ಮರ, ಹಸಿ ಹೋಗುವುದು ಅಲ್ಲಿಂದಲೇ ಜಾಸ್ತಿ. ಅಗಸೆ ಎಣ್ಣೆ ಕುಡಿಸುವವರೂ ಇದ್ದಾರೆ. ನಮ್ಮ ಮಳೆಗಾಲದಲ್ಲಿ ಅದು ಬೇಗ ಒಣಗುವುದಿಲ್ಲ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ತಾನಾಗಿ ಹೊತ್ತಿಕೊಳ್ಳಲೂಬಹುದು. ನನಗೆ ಮೇಣವೇ ಸರಿ.

ಫೆಬ್ರವರಿಯಲ್ಲಿ ಅಲಗು ಸ್ವಲ್ಪ ಸಡಿಲವಾಯಿತು. ತಲೆಕೆಳಗೆ ಹಿಡಿದು ಕೊಡವಿದರೆ ಅರ್ಧ ಬೆರಳು ಹೊರಗೆ ಬರುತ್ತಿತ್ತು. ಮಡಿಚಿ ಬಳೆ ತಿರುಗಿಸಿ ಚೀಲಕ್ಕೆ ಹಾಕಿಕೊಂಡೆ. ಆಗ ಆ 2000ದ ಬದಲಾವಣೆ ಮಾಡಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಬೇಸಿಗೆಯ ಸಡಿಲವನ್ನು ಬಳೆ ನೋಡಿಕೊಂಡಿತು.

ಈಗ ಮತ್ತೆ ಪುನರ್ವಸು. ಅಲಗು ಕಾರ್ಬನ್ ಉಕ್ಕಿನದು, ನಿಂಬೆ, ಮಾವಿನಮಿಡಿ ಕೊಯ್ದು ಬೂದು ಬಣ್ಣಕ್ಕೆ ತಿರುಗಿದೆ. ರಾತ್ರಿ ಒರೆಸಿ ಎಣ್ಣೆ ಕೈ ಆಡಿಸದಿದ್ದರೆ ಬೆಳಿಗ್ಗೆಗೆ ತುಕ್ಕಿನ ಚುಕ್ಕೆ. ಬಿಚ್ಚುವಾಗ ಬಿಗಿ ಇದೆ, ಆದರೆ ಒದ್ದೆ ಉಗುರಿಗೆ ಬರುತ್ತದೆ. ನಿನ್ನೆ ಸಂಜೆಗೆ ಮೂವತ್ತೆರಡು ಕಸಿ ಮುಗಿಯಿತು. ಹದಿನೆಂಟು ಬಾಕಿ. ಮಳೆ ಸ್ವಲ್ಪ ಹೊಳವಾದರೆ ಮಧ್ಯಾಹ್ನ ಮತ್ತೆ ತಗ್ಗಿಗೆ ಇಳಿಯುತ್ತೇನೆ.