ಮೊದಲು ಯಾರ ಟಿಕೆಟ್ ನೋಡಬೇಕಿತ್ತು

2022ರ ನವೆಂಬರ್ 26, ಶನಿವಾರ ರಾತ್ರಿ. ಕತಾರ್‌ನ ಲುಸೈಲ್ ಸ್ಟೇಡಿಯಂನಲ್ಲಿ ಫುಟ್‌ಬಾಲ್ ವಿಶ್ವಕಪ್‌ನ ಅರ್ಜೆಂಟೀನಾ–ಮೆಕ್ಸಿಕೊ ಪಂದ್ಯ. ಅವತ್ತು ಬಂದಿದ್ದವರು 88,966 ಜನ. ನಾನು ಅಲ್ಲಿ ಸ್ಟೀವರ್ಡ್ ಆಗಿದ್ದೆ. ಅಂದ್ರೆ ಜಾಕೆಟ್ ಹಾಕಿಕೊಂಡು, ಮೈದಾನಕ್ಕೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ನಿಲ್ಲುವ ಕೆಲಸ. ಸೀಟು ತೋರಿಸಬೇಕು, ಮೆಟ್ಟಿಲ ಮೇಲೆ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳಬೇಕು, ಮಾತಿಗೆ ಮಾತು ಬೆಳೆದರೆ ನಡುವೆ ಹೋಗಬೇಕು. ಗೋಲು ಬಿದ್ದರೂ ತಿರುಗಿ ನೋಡುವ ಹಾಗಿಲ್ಲ.

ಪಂದ್ಯ ಶುರುವಾಗಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಗೋಲಿನ ಹಿಂದಿನ ಬ್ಲಾಕ್‌ನಿಂದ ಒಬ್ಬರು ಕೈ ಬೀಸಿ ಕರೆದರು. ಐವತ್ತರ ಆಸುಪಾಸಿನ ಅರ್ಜೆಂಟೀನಾದ ಮನುಷ್ಯ, ಕೂಗಿ ಕೂಗಿ ಆಗಲೇ ಗಂಟಲು ಕಟ್ಟಿತ್ತು. ಪಕ್ಕದ ಸೀಟಿನವನನ್ನು ಬೆರಳಿಟ್ಟು ತೋರಿಸಿದರು. ಗೊತ್ತಿದ್ದ ನಾಲ್ಕೈದು ಇಂಗ್ಲಿಷ್ ಪದಗಳಲ್ಲೇ ಹೇಳಿದರು, ಇವನು ನಮ್ಮವನಲ್ಲ, ಇದು ನಮ್ಮ ಜಾಗ, ನಮ್ಮವರು ಇಲ್ಲಿ ಒಟ್ಟಿಗೆ ನಿಲ್ಲಬೇಕು.

ಪಕ್ಕದಲ್ಲಿದ್ದವನು ಬಾಂಗ್ಲಾದೇಶದ ಹುಡುಗ. ಅವನೂ ಅದೇ ಬಿಳಿ–ನೀಲಿ ಪಟ್ಟೆಯ ಜೆರ್ಸಿ ಹಾಕಿದ್ದ. ಒಗೆದು ಒಗೆದು ಬಣ್ಣ ಮಾಸಿದ್ದ ಜೆರ್ಸಿ. ಕೆಲಸದಿಂದ ನೇರ ಬಂದಿರಬೇಕು, ಕೊರಳಲ್ಲಿ ಕಂಪನಿ ಕಾರ್ಡಿನ ದಾರ ಹಾಗೇ ಇತ್ತು.

ನಾನು ಏನು ಮಾಡಿದೆ ಗೊತ್ತಾ? ನೇರ ಆ ಹುಡುಗನ ಹತ್ತಿರ ಹೋಗಿ, "ಟಿಕೆಟ್ ತೋರಿಸು" ಅಂದೆ. ದೂರು ಕೊಟ್ಟವರನ್ನು ಕೇಳಲೇ ಇಲ್ಲ.

ಅವನು ಮೊಬೈಲ್ ತೆಗೆದ. ಪರದೆಯ ಒಂದು ಮೂಲೆ ಒಡೆದಿತ್ತು. ಆ್ಯಪ್ ತೆರೆಯುವಷ್ಟರಲ್ಲಿ ಅವನ ಬೆರಳು ಎರಡು ಸಲ ತಪ್ಪು ಜಾಗಕ್ಕೆ ಬಿತ್ತು. ಬ್ಲಾಕ್ ಸರಿ, ಸಾಲು ಸರಿ, ಸೀಟ್ ನಂಬರ್ ಸರಿ. ಆಮೇಲೆ ತಲೆ ಎತ್ತಿ ಹಿಂದಿಯಲ್ಲಿ ಕೇಳಿದ, "ಭಾಯ್, ಮೊದಲು ನನ್ನನ್ನೇ ಯಾಕೆ ಕೇಳಿದ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೂರು ಕೊಟ್ಟವರ ಟಿಕೆಟ್ ಕೇಳಿದೆ. ಅವರ ಸೀಟು ಎರಡು ಬ್ಲಾಕ್ ಆಚೆ, ಮೇಲಿನ ಅಂತಸ್ತಿನಲ್ಲಿತ್ತು.

ಈ ಘಟನೆ ಇಷ್ಟು ದಿನವಾದ ಮೇಲೂ ನನ್ನನ್ನು ಬಿಟ್ಟಿಲ್ಲ. ನಾನು ಮಂಗಳೂರಿನ ಕಡೆಯವನು. ನೆಹರೂ ಮೈದಾನದ ಬದಿಯಲ್ಲಿ ನಿಂತು ಫುಟ್‌ಬಾಲ್ ನೋಡಿ ಬೆಳೆದವನು. ವಿಶ್ವಕಪ್ ಬಂದರೆ ನಮ್ಮ ಕಡೆಯೂ ಬ್ರೆಜಿಲ್, ಅರ್ಜೆಂಟೀನಾ ಅಂತ ಎರಡು ಪಾರ್ಟಿ ಆಗುತ್ತಿತ್ತು. ಹಾಗಿದ್ದೂ, ಆ ಜಾಕೆಟ್ ಹಾಕಿ ನಿಂತಾಗ ನನ್ನ ಕಣ್ಣಿಗೆ "ಅಸಲಿ ಅಭಿಮಾನಿ" ಅಂದರೆ ಆ ದೇಶದ ಮುಖ ಇರುವವನು, ನಮ್ಮಂಥ ಮುಖದವನು ಯಾರದ್ದೋ ಜಾಗದಲ್ಲಿ ಬಂದು ಕೂತವನು. ಇದು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ನನ್ನೊಳಗೇ ಇತ್ತು.

ಅದಕ್ಕಿಂತ ಹತ್ತು ಹನ್ನೆರಡು ದಿನ ಮೊದಲು ಇದೇ ವಿಷಯಕ್ಕೆ ನಾನು ಸಿಟ್ಟಾಗಿದ್ದೆ ಅನ್ನುವುದು ಇನ್ನೂ ಚುಚ್ಚುತ್ತದೆ. ದೋಹಾದಲ್ಲಿ ಕೇರಳದ ಹುಡುಗರು ಇಂಗ್ಲೆಂಡ್, ಬ್ರೆಜಿಲ್, ಅರ್ಜೆಂಟೀನಾ ಜೆರ್ಸಿ ಹಾಕಿ, ಡೋಲು ಬಡಿದು ಮೆರವಣಿಗೆ ಮಾಡಿದ್ದರು. ಆ ವಿಡಿಯೊ ನೋಡಿ ಯುರೋಪಿನಲ್ಲಿ ತುಂಬ ಜನ ಇವರು ನಕಲಿ ಅಭಿಮಾನಿಗಳು, ದುಡ್ಡು ಕೊಟ್ಟು ಕರೆತಂದವರು ಅಂದರು. ಅದರಲ್ಲಿದ್ದ ಎಷ್ಟೋ ಜನ ಚಿಕ್ಕಂದಿನಿಂದ ರಾತ್ರಿ ಎರಡು ಗಂಟೆಗೆ ಎದ್ದು ಮ್ಯಾಚ್ ನೋಡಿದವರು. ಫಿಫಾ ಅಧ್ಯಕ್ಷ ಇನ್ಫಾಂಟಿನೊ ಕೂಡ, ಭಾರತೀಯನ ಹಾಗೆ ಕಾಣುವವನು ಇಂಗ್ಲೆಂಡಿಗೆ ಜೈ ಅನ್ನಬಾರದಾ, ಇದು ಶುದ್ಧ ಜನಾಂಗೀಯತೆ ಅಂತ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಅವರ ಆ ದಿನದ ಮಿಕ್ಕ ಮಾತುಗಳು ನನಗೆ ಹಿಡಿಸಲಿಲ್ಲ, ಆದರೆ ಈ ಮಾತು ಸರಿ. ರೂಮಿನಲ್ಲಿ ಕೂತು ಈ ವಿಷಯಕ್ಕೆ ಗಂಟೆಗಟ್ಟಲೆ ವಾದ ಮಾಡಿದ್ದೆ. ಕೆಲಸಕ್ಕೆ ನಿಂತಾಗ ಮಾಡಿದ್ದು ಮಾತ್ರ ಅದೇ ತಪ್ಪು.

ಆ ಹುಡುಗನ ಲೆಕ್ಕ ಸ್ವಲ್ಪ ಹಾಕಿ ನೋಡಿ. ಕತಾರ್‌ನಲ್ಲಿ ವಾಸ ಇರುವವರಿಗೆ ಅಂತಲೇ ಗುಂಪು ಹಂತದ ಪಂದ್ಯಗಳಿಗೆ 40 ರಿಯಾಲ್‌ನ ಟಿಕೆಟ್ ಇಟ್ಟಿದ್ದರು. 2021ರಿಂದ ಇಲ್ಲಿ ಕನಿಷ್ಠ ಸಂಬಳ ತಿಂಗಳಿಗೆ 1000 ರಿಯಾಲ್. ಊರಿಗೆ ಕಳಿಸಿ ಉಳಿದದ್ದರಲ್ಲಿ ಆ ಟಿಕೆಟ್ ತೆಗೆದುಕೊಂಡು, ಶಿಫ್ಟ್ ಬದಲಾಯಿಸಿಕೊಂಡು, ಮೆಟ್ರೊದಲ್ಲಿ ನಿಂತು ಬಂದವನು ಅವನು. ಈ ಸ್ಟೇಡಿಯಂಗಳನ್ನು ಕಟ್ಟಿದ್ದು ಇದೇ ನೇಪಾಳ, ಬಾಂಗ್ಲಾ, ನಮ್ಮ ದೇಶದ ಜನ. ಅವನಿಗೆ ಅಲ್ಲಿ ಕೂರಲು ಬೇರೆ ಯಾರ ಒಪ್ಪಿಗೆ ಬೇಕಿತ್ತು? ಬಾಂಗ್ಲಾದವರ ಅರ್ಜೆಂಟೀನಾ ಹುಚ್ಚು ಹೊಸದೂ ಅಲ್ಲ. 1986ರಲ್ಲಿ ಮರಡೋನಾ ಇಂಗ್ಲೆಂಡನ್ನು ಸೋಲಿಸಿದಾಗಿಂದ ಬಂದದ್ದು ಅಂತ ಅವರು ಹೇಳುತ್ತಾರೆ. ತಮ್ಮನ್ನು ಆಳಿದವರ ಮೇಲೆ ಯಾರೋ ಗೆದ್ದರು ಅನ್ನುವ ಖುಷಿ ಅದರಲ್ಲಿ ಇದೆ. ಈ ವಿಶ್ವಕಪ್‌ನಲ್ಲಿ ಢಾಕಾದ ಬೀದಿಯ ಸಂಭ್ರಮ ಅರ್ಜೆಂಟೀನಾದವರಿಗೂ ಕಂಡಿತು. 1978ರಲ್ಲಿ ಮುಚ್ಚಿದ್ದ ರಾಯಭಾರ ಕಚೇರಿಯನ್ನು 2023ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಮತ್ತೆ ತೆರೆದರು.

ಹಾಗಂತ ಆ ಅರ್ಜೆಂಟೀನಾದವರನ್ನು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರು 13 ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರದಿಂದ ಬಂದವರು. ಅವರ ಊರಲ್ಲಿ ಬೆಲೆ ದಿನದಿಂದ ದಿನಕ್ಕೆ ಏರುತ್ತಿತ್ತು, ಕಾರು ಮಾರಿ ಬಂದವರನ್ನು ನಾನೇ ಮಾತಾಡಿಸಿದ್ದೇನೆ. ನಾಲ್ಕು ದಿನ ಮೊದಲು ಅದೇ ಮೈದಾನದಲ್ಲಿ ಸೌದಿ ಅರೇಬಿಯಾ ಎದುರು 1–2ರಲ್ಲಿ ಸೋತಿದ್ದರು, ಇದನ್ನೂ ಸೋತರೆ ಮನೆಗೇ. ಅವರು ಹಾಡುವ ಹಾಡಿನಲ್ಲಿ ಮಾಲ್ವಿನಾಸ್ ಹುಡುಗರ ಮಾತು ಬರುತ್ತದೆ ಅಂತ ಸ್ಪ್ಯಾನಿಷ್ ಬರುವ ಸಹೋದ್ಯೋಗಿ ಒಬ್ಬಳು ಹೇಳಿದಳು. ಮಾಲ್ವಿನಾಸ್ ಅಂದ್ರೆ ಫಾಕ್‌ಲ್ಯಾಂಡ್ ದ್ವೀಪಗಳು, ಹುಡುಗರು ಅಂದ್ರೆ ಅದಕ್ಕಾಗಿ ಯುದ್ಧಕ್ಕೆ ಹೋದ ಸೈನಿಕರು. 1982ರಲ್ಲಿ ಬ್ರಿಟನ್ ಜೊತೆ ಆದ ಆ ಯುದ್ಧದಲ್ಲಿ ಸತ್ತ ಅರ್ಜೆಂಟೀನಾದವರು 649 ಜನ. ಆ ಜೆರ್ಸಿ ಅವರಿಗೆ ಬರೀ ಆಟದ ಬಟ್ಟೆ ಅಲ್ಲ, ಮನೆಯ ದುಃಖವೂ ಅದರೊಳಗೆ ಇದೆ. ಇಷ್ಟೆಲ್ಲ ಹೊತ್ತುಕೊಂಡು ಬಂದವರಿಗೆ "ಈ ಜಾಗ ನಮ್ಮದು" ಅನ್ನಿಸುವುದು ನನಗೆ ಅರ್ಥ ಆಗುತ್ತದೆ. ಆದರೆ ಅನ್ನಿಸಿದ್ದಕ್ಕೆಲ್ಲ ಸೀಟು ಕೊಡಲು ಆಗುತ್ತಾ? ಎಷ್ಟು ದೂರದಿಂದ ಬಂದೆ, ಎಷ್ಟು ಖರ್ಚು ಮಾಡಿದೆ, ಎಷ್ಟು ಪ್ರೀತಿ ಇದೆ ಅನ್ನುವುದನ್ನು ನಾನು ತೂಗಲು ಹೋದರೆ, ಯಾವಾಗಲೂ ಜೋರಾಗಿ ಕೂಗುವವರ ತಕ್ಕಡಿಯೇ ಕೆಳಗೆ ಬರುತ್ತದೆ.

ಇನ್ನೊಂದು ಕಡೆಯ ಕಷ್ಟ ನನ್ನ ರೂಮ್‌ಮೇಟ್‌ದು. ಕುಂದಾಪುರದವನು, ಬೇರೆ ಸ್ಟೇಡಿಯಂನಲ್ಲಿ ಗೇಟ್ ಡ್ಯೂಟಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ, ಹಿಜಾಬ್ ಸರಿಯಾಗಿ ಹಾಕಿಲ್ಲ ಅಂತ ಪೊಲೀಸರು ಹಿಡಿದಿದ್ದ ಯುವತಿ ಮಹ್ಸಾ ಅಮಿನಿ ಸತ್ತ ಮೇಲೆ ಇರಾನ್ ಹೊತ್ತಿ ಉರಿಯುತ್ತಿತ್ತು. ಇಂಗ್ಲೆಂಡ್ ಎದುರಿನ ಮೊದಲ ಪಂದ್ಯದಲ್ಲಿ ಇರಾನ್ ಆಟಗಾರರು ರಾಷ್ಟ್ರಗೀತೆ ಹಾಡಲಿಲ್ಲ. ವೇಲ್ಸ್ ಎದುರಿನ ಪಂದ್ಯಕ್ಕೆ ಬಂದ ಇರಾನಿನವರೇ ಎರಡು ಭಾಗ. ಕೆಲವರ ಕೈಯಲ್ಲಿ ಈಗಿನ ಧ್ವಜ, ಕೆಲವರ ಕೈಯಲ್ಲಿ 1979ರ ಕ್ರಾಂತಿಗೆ ಮೊದಲಿನ ಸಿಂಹ–ಸೂರ್ಯನ ಧ್ವಜ. ಎರಡನೆಯದನ್ನು ಗೇಟ್‌ನಲ್ಲೇ ತೆಗೆದುಕೊಂಡರು. ಒಂದೇ ದೇಶ, ಒಂದೇ ತಂಡ, ಆದರೆ ದೇಶ ಯಾರದ್ದು ಅನ್ನುವ ಜಗಳ ಸ್ಟೇಡಿಯಂ ಹೊರಗೆ ಕಣ್ಣೆದುರೇ ನಡೆಯಿತು. ಸಲಿಂಗಿಗಳಿಗೆ ಬೆಂಬಲ ತೋರಿಸಲು ವೇಲ್ಸ್‌ನವರು ಹಾಕಿ ಬಂದ ಕಾಮನಬಿಲ್ಲಿನ ಬಣ್ಣದ ಟೋಪಿಯದ್ದೂ ಇದೇ ಕಥೆ. ಸೋಮವಾರ ಕಿತ್ತುಕೊಂಡದ್ದನ್ನು ಶುಕ್ರವಾರ ಅದೇ ಸ್ಟೇಡಿಯಂನಲ್ಲಿ ಬಿಡಿ ಅಂದರು.

ರೂಮ್‌ಮೇಟ್ ಅವತ್ತು ರಾತ್ರಿ ಊಟ ಮಾಡಲಿಲ್ಲ. ಒಬ್ಬ ಇರಾನಿ ಹುಡುಗಿ ಅವನನ್ನು ಕೇಳಿದ್ದಳಂತೆ, "ಅವರ ಧ್ವಜ ಒಳಗೆ ಹೋಯಿತು, ನನ್ನದು ಯಾಕೆ ಬೇಡ?" "ರೂಲ್ಸ್ ಮೇಡಂ" ಅಂದನಂತೆ ಇವನು. "ಯಾವ ರೂಲ್?" ಅಂದಳಂತೆ. ಇವನಿಗೆ ಯಾರೂ ಅದನ್ನು ಹೇಳಿರಲಿಲ್ಲ. "ಮಾರಾಯ, ಅವಳು ಬೈದಿದ್ರೂ ಪರವಾಗಿಲ್ಲ ಅನ್ನಿಸ್ತಿತ್ತು, ಅವಳು ಸುಮ್ನೆ ಅತ್ತಳು" ಅಂದ. ಮೇಲೆ ಕೂತವರು ಮಾಡಿದ ರಾಜಕೀಯಕ್ಕೆ ಗೇಟ್‌ನಲ್ಲಿ ನಿಂತವನು ಮುಖ ಕೊಡಬೇಕು. ಕಾರಣ ಹೇಳದೆ ಅವನ ಕೈಗೆ ನಿಯಮ ಕೊಟ್ಟು ಕಳಿಸುವುದು ಅನ್ಯಾಯ ಅಂತ ನಾನು ಆಗಿಂದ ಎಲ್ಲ ಮೀಟಿಂಗ್‌ನಲ್ಲೂ ಹೇಳುತ್ತಿದ್ದೇನೆ. ಕೆಲವರಿಗೆ ಇದು ಇಷ್ಟ ಆಗುವುದಿಲ್ಲ.

ಮೆಕ್ಸಿಕೊ ಪಂದ್ಯದ ಮರುದಿನ ನನ್ನ ಜೊತೆ ಕೆಲಸ ಮಾಡುವವರಿಗೆ ನಡೆದದ್ದನ್ನು ಹಾಗೇ ಹೇಳಿದೆ. ಅವತ್ತಿನಿಂದ ದೂರು ಯಾರು ಕೊಡುತ್ತಾರೋ ಮೊದಲು ಅವರ ಟಿಕೆಟ್ ನೋಡುತ್ತೇನೆ. ಆಮೇಲೆ ಇನ್ನೊಬ್ಬರದ್ದು. ಮುಖ, ಭಾಷೆ, ಜೆರ್ಸಿ ಯಾವುದನ್ನೂ ನೋಡುವುದಿಲ್ಲ. ಇದು ಕೇಳಲು ಸಣ್ಣ ವಿಷಯ, ಆದರೆ ಮಾಡಿ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ, ಯಾಕಂದ್ರೆ ತಮ್ಮದಲ್ಲದ ಸೀಟಿನಲ್ಲಿ ಇರುವವರೇ ಎಷ್ಟೋ ಸಲ ಮೊದಲು ಕೂಗುವುದು. ಯಾರಿಗಾದರೂ ಏನಾದರೂ ಬೇಡ ಅನ್ನಬೇಕಾದರೆ ಯಾಕೆ ಬೇಡ ಅನ್ನುವುದನ್ನೂ ಹೇಳುತ್ತೇನೆ. ಕಾರಣ ನನಗೇ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿ, ಮೇಲಿನವರನ್ನು ಅಲ್ಲಿಗೇ ಕರೆಸುತ್ತೇನೆ.

ಇದನ್ನು ನಾನು ನಿಜವಾಗಿ ಕಲಿತಿದ್ದೀನಾ ಅಂತ ಗೊತ್ತಾಗಿದ್ದು 2024ರ ಜನವರಿ 13ಕ್ಕೆ. ಏಷ್ಯನ್ ಕಪ್‌ನಲ್ಲಿ ಭಾರತ–ಆಸ್ಟ್ರೇಲಿಯಾ, ಕತಾರ್‌ನದೇ ಅಹ್ಮದ್ ಬಿನ್ ಅಲಿ ಸ್ಟೇಡಿಯಂ. ಎಲ್ಲಿ ನೋಡಿದರೂ ನಮ್ಮವರೇ. ಅಷ್ಟೊಂದು ನೀಲಿ ನೋಡಿ ನನಗೂ ಗಂಟಲು ಕಟ್ಟಿತು, ಸುಳ್ಳು ಹೇಳುವುದಿಲ್ಲ. ನನ್ನ ಬ್ಲಾಕ್‌ನಲ್ಲಿ ಏಳೆಂಟು ಹುಡುಗರು ದೊಡ್ಡ ತ್ರಿವರ್ಣ ಧ್ವಜವನ್ನು ಎರಡು ಸಾಲಿನ ನಡುವೆ ಎತ್ತಿ ಹಿಡಿದು ನಿಂತುಬಿಟ್ಟರು. ಹಿಂದೆ ಆಸ್ಟ್ರೇಲಿಯಾದ ವಯಸ್ಸಾದ ದಂಪತಿ. ಅವರಿಗೆ ಮೈದಾನವೇ ಕಾಣುತ್ತಿಲ್ಲ. ಅವರು ದೂರು ಕೊಟ್ಟರು, ನಾನು ಅವರ ಟಿಕೆಟ್ ನೋಡಿದೆ, ಸೀಟು ಸರಿ ಇತ್ತು.

ಹುಡುಗರ ಹತ್ತಿರ ಹೋದೆ. ಒಬ್ಬ ನನ್ನ ಬ್ಯಾಡ್ಜ್‌ನ ಹೆಸರು ಓದಿ ಕನ್ನಡದಲ್ಲೇ ಕೇಳಿದ, "ಅಣ್ಣ, ನೀವು ಮಂಗ್ಳೂರಿನವ್ರಾ? ಮತ್ತೆ ನಮ್ಮ ಧ್ವಜ ಇಳಿಸು ಅಂತೀರಲ್ಲ?" ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಎದೆ ಡವಡವ ಅಂತಿತ್ತು. ನಾನು ಹೇಳಿದೆ, "ಇಳಿಸಿ ಅಂತಿಲ್ಲಪ್ಪ. ಹಿಂದೆ ಕೂತವರಿಗೆ ಕಾಣ್ತಿಲ್ಲ, ಅವರೂ ನಿಮ್ಮ ಹಾಗೇ ದುಡ್ಡು ಕೊಟ್ಟು ಬಂದವರು. ಕೆಳಗೆ ಕಂಬಿ ಇದೆ, ಅಲ್ಲಿ ಕಟ್ಟಿದ್ರೆ ಯಾರಿಗೂ ಅಡ್ಡ ಆಗಲ್ಲ." ಅವನು ಹಿಂದೆ ತಿರುಗಿ ಆ ಅಜ್ಜ ಅಜ್ಜಿಯನ್ನು ನೋಡಿದ. ಏನೂ ಹೇಳದೆ ಧ್ವಜದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ.

ಇಬ್ಬರೂ ಸೇರಿ ನೆಲಕ್ಕೆ ತಾಗದ ಹಾಗೆ ಕೆಳಗೆ ತಂದು ಕಂಬಿಗೆ ಕಟ್ಟಿದೆವು. ಅರ್ಧ ಸಮಯದವರೆಗೆ ಭಾರತ ಗೋಲು ಬಿಟ್ಟುಕೊಡಲಿಲ್ಲ. ನಾನು ಮತ್ತೆ ಮೈದಾನಕ್ಕೆ ಬೆನ್ನು ಮಾಡಿ ನಿಂತೆ.